ಚಂಡಮಾರುತ ಹೋದ ಮೇಲೆ ಹಳ್ಳಿಗಳಿಗೆ ಏನು ಕಳಿಸಬೇಕು, ಯಾವಾಗ ಕಳಿಸಬೇಕು?

ಓದುಗರ ಪ್ರಶ್ನೆ: ಒಡಿಶಾ, ಆಂಧ್ರ, ತಮಿಳುನಾಡಿನ ಕಡೆ ಚಂಡಮಾರುತ ಬಂದಾಗಲೆಲ್ಲ ನಮ್ಮ ಅಪಾರ್ಟ್‌ಮೆಂಟಿನವರು ಬಟ್ಟೆ, ಅಕ್ಕಿ, ಬಿಸ್ಕತ್ತು ಸೇರಿಸಿ ಒಂದು ಲಾರಿ ಕಳಿಸುತ್ತೇವೆ. ಈಚೆಗೆ ಕೆಲವರು ‘ಸಾಮಾನು ಬೇಡ, ದುಡ್ಡು ಕಳಿಸೋಣ’ ಅನ್ನುತ್ತಿದ್ದಾರೆ. ಹುಡುಗರು ‘ನಾವೇ ಹೋಗಿ ಮನೆ ಕಟ್ಟಿಕೊಟ್ಟು ಬರ್ತೀವಿ’ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಸೇರಿದ ದುಡ್ಡಿನಲ್ಲಿ ಅರ್ಧ ತಕ್ಷಣ ಕಳಿಸಿ, ಇನ್ನರ್ಧ ಎತ್ತಿಡಿ. ಎತ್ತಿಟ್ಟಿದ್ದನ್ನು ಎರಡು ಮೂರು ತಿಂಗಳಾದ ಮೇಲೆ ಕೊಡಿ. ಹುಡುಗರು ಹೋಗುವುದಿದ್ದರೂ ಆಗಲೇ ಹೋಗಲಿ. ಹಳೆ ಬಟ್ಟೆ ಮಾತ್ರ ಬೇಡವೇ ಬೇಡ. ಇದು ಚುಟುಕು ಉತ್ತರ. ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1999ರ ಒಡಿಶಾ ನೋಡಿ. ಆ ವರ್ಷ ಅಕ್ಟೋಬರ್ 29ಕ್ಕೆ ಪಾರಾದೀಪದ ಹತ್ತಿರ ದಡಕ್ಕೆ ಬಂದ ಸೂಪರ್ ಸೈಕ್ಲೋನ್‌ನಲ್ಲಿ ಗಾಳಿ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ಬೀಸಿತು. ಆದರೆ ಹೆಚ್ಚು ಜೀವ ತೆಗೆದದ್ದು ನೀರು. ಸಮುದ್ರ ಐದಾರು ಮೀಟರ್ ಎತ್ತರಕ್ಕೆ ಎದ್ದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಕಡೆಯ ಹಳ್ಳಿಗಳ ಮೇಲೆ ಹರಿಯಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಹತ್ತಿರಹತ್ತಿರ 10,000. ಅವರಲ್ಲಿ ಬಹುಪಾಲು ಅದೊಂದೇ ಜಿಲ್ಲೆಯವರು. ಸತ್ತ ದನಕರುಗಳ ಲೆಕ್ಕ 4 ಲಕ್ಷ ದಾಟಿತ್ತು.

ಈಗ ತಿಂಗಳು ಗಮನಿಸಿ. ಅಕ್ಟೋಬರ್ ಕೊನೆ ಅಂದರೆ ಭತ್ತ ತೆನೆ ಬಿಟ್ಟಿರುತ್ತದೆ, ಕೊಯ್ಲಿಗೆ ಇನ್ನೇನು ಕೆಲವೇ ವಾರ. ಆ ಬೆಳೆ ಹೋಯಿತು. ಮುಂದಿನ ವರ್ಷಕ್ಕೆ ಅಂತ ಇಟ್ಟಿದ್ದ ಬಿತ್ತನೆ ಬೀಜ ಮನೆ ಜೊತೆ ಕೊಚ್ಚಿಹೋಯಿತು. ಉಳಲು ಎತ್ತಿಲ್ಲ. ಗದ್ದೆ ತುಂಬ ಉಪ್ಪು. ಮಳೆಗಾಲ ಆಗಲೇ ಮುಗಿದಿದ್ದರಿಂದ ಆ ಉಪ್ಪನ್ನು ತೊಳೆಯುವುದಕ್ಕೆ ಮುಂದಿನ ಜೂನ್‌ವರೆಗೆ ಮಳೆಯೂ ಇಲ್ಲ. ಹಾಗಾಗಿ ಎರಸಮಾದ ರೈತ ತನ್ನ ಗದ್ದೆಯ ಅನ್ನ ಉಣ್ಣಬೇಕು ಅಂದರೆ 2000ನೇ ಇಸವಿಯ ಕೊನೆವರೆಗೆ ಕಾಯಬೇಕು. ಒಂದು ವರ್ಷಕ್ಕೂ ಮೇಲೆ! ಊರ ಹೊರಗಿನಿಂದ ಲಾರಿಗಳು ಬರುವುದು ಮೊದಲ ಕೆಲವು ವಾರ ಮಾತ್ರ.

ಅದಕ್ಕೇ ನಾನು ಹೇಳುವುದು, ಚಂಡಮಾರುತದ ಸುದ್ದಿ ಬಂದ ಕೂಡಲೇ ‘ಎಷ್ಟು ಮನೆ ಬಿತ್ತು’ ಅಂತ ಕೇಳುವ ಜೊತೆಗೆ ‘ಮುಂದಿನ ಸುಗ್ಗಿ ಯಾವಾಗ’ ಅಂತಲೂ ಕೇಳಿ. ನಿಮ್ಮ ದುಡ್ಡು ಎಷ್ಟು ದಿನಕ್ಕೆ ಹಂಚಿಕೆಯಾಗಬೇಕು ಅನ್ನುವುದು ಆ ಉತ್ತರದಲ್ಲೇ ಇರುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಕ್ಕೆ ಎರಡು ಕಾಲ. ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಇನ್ನೊಂದು. ಎರಡರ ಪೆಟ್ಟೂ ಬೇರೆ ಬೇರೆ. ಫನಿ ಚಂಡಮಾರುತ ಬಂದದ್ದು 2019ರ ಮೇ 3ಕ್ಕೆ, ಪುರಿಯ ಹತ್ತಿರ. ಅಷ್ಟು ಹೊತ್ತಿಗೆ ಒಡಿಶಾ ಪಾಠ ಕಲಿತಿತ್ತು. 1999ರಲ್ಲಿ ಬೆರಳೆಣಿಕೆಯಷ್ಟಿದ್ದ ಚಂಡಮಾರುತ ಆಶ್ರಯ ಕಟ್ಟಡಗಳು ನೂರಾರು ಆಗಿದ್ದವು. ಗಾಳಿ ಬರುವ ಮುಂಚೆಯೇ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರ ಮಾಡಿದ್ದರು. ಒಡಿಶಾದಲ್ಲಿ ಸತ್ತವರು 64. ಮೇ ತಿಂಗಳಾದ್ದರಿಂದ ಮುಖ್ಯ ಭತ್ತದ ಬೆಳೆ ಗದ್ದೆಯಲ್ಲಿರಲಿಲ್ಲ. ಉಪ್ಪು ನೀರು ನುಗ್ಗಿದ್ದ ಕಡೆ ಅದನ್ನು ತೊಳೆಯಲು ಮಳೆಗಾಲವೂ ಹತ್ತಿರದಲ್ಲೇ ಇತ್ತು. ಆದರೆ ಅದೇ ಮಳೆ ಚಾವಣಿ ಹಾರಿಹೋದ ಮನೆಗಳ ಒಳಗೂ ಸುರಿಯಬೇಕಲ್ಲ? ಮೇ ಚಂಡಮಾರುತವಾದರೆ ಮೊದಲ ಚಿಂತೆ ತಲೆ ಮೇಲಿನ ಸೂರು. ಅಕ್ಟೋಬರ್-ನವೆಂಬರಿನದಾದರೆ ವರ್ಷಪೂರ್ತಿ ಕೂಲಿ, ಅನ್ನ, ಬೀಜ.

ಪುರಿ ಜಿಲ್ಲೆಯಲ್ಲಿ ಭತ್ತ ಉಳಿಯಿತು ಅಂದುಕೊಂಡರೂ ವೀಳ್ಯದೆಲೆ ತೋಟ, ತೆಂಗು, ಗೇರು ಹೋದವು. ತೋಟದ ಬೆಳೆ ಹೋದರೆ ‘ಮುಂದಿನ ಸುಗ್ಗಿ’ ಅನ್ನುವ ಲೆಕ್ಕವೇ ಬೇರೆ. ತುಮಕೂರು, ಹಾಸನ, ಚಿಕ್ಕಮಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರ್ 16ರಂದು ಗಜ ಚಂಡಮಾರುತ ವೇದಾರಣ್ಯದ ಹತ್ತಿರ ದಡಕ್ಕೆ ಬಂದು ತಂಜಾವೂರು ಜಿಲ್ಲೆಯ ಪಟ್ಟುಕೋಟೆ, ಪೇರಾವೂರಣಿ ಕಡೆಯ ತೆಂಗಿನ ತೋಟಗಳನ್ನು ಮಲಗಿಸಿತು. ಬಿದ್ದ ಮರಕ್ಕೆ 600 ರೂಪಾಯಿ, ಕಡಿದು ಸಾಗಿಸಲು 500, ಒಟ್ಟು ಮರಕ್ಕೆ 1,100 ರೂಪಾಯಿ ಪರಿಹಾರ ಅಂತ ತಮಿಳುನಾಡು ಸರ್ಕಾರ ಹೇಳಿತು. ಫಸಲು ಬಿಡುವ ಒಂದು ತೆಂಗಿನ ಮರ ವರ್ಷಕ್ಕೆ ಏನು ಕೊಡುತ್ತದೆ ಅಂತ ನೀವೇ ಲೆಕ್ಕ ಹಾಕಿ. ಹೊಸ ಸಸಿ ನೆಟ್ಟರೆ ಕಾಯಿ ನೋಡಲು ಐದರಿಂದ ಏಳು ವರ್ಷ.

ಇಲ್ಲಿ ಇನ್ನೊಂದು ಕಷ್ಟ ಇದೆ, ಹೊರಗಿನವರಿಗೆ ಹೊಳೆಯುವುದಿಲ್ಲ. ಬಿದ್ದ ಮರ ಸುಮ್ನೆ ಬಿದ್ದಿರುವುದಿಲ್ಲ. ಬೇರು ಮೇಲೆ, ಗರಿ ಕೆಳಗೆ, ಒಂದರ ಮೇಲೊಂದು ಅಡ್ಡಡ್ಡ ಬಿದ್ದು ತೋಟಕ್ಕೆ ಕಾಲಿಡಲು ಆಗದ ಹಾಗೆ ಆಗಿರುತ್ತದೆ. ಅದು ಕೊಳೆಯಲು ಶುರುವಾದರೆ ಕಾಂಡದೊಳಗೆ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ. ಆ ದುಂಬಿ ಹಾರಿ ಹೋಗಿ ಉಳಿದ ಮರಗಳ ಸುಳಿ ಕೊರೆಯುತ್ತದೆ. ಅಂದರೆ ಗಾಳಿಗೆ ಉಳಿದುಕೊಂಡ ಮರವೂ ನಿಧಾನಕ್ಕೆ ಹೋಗುತ್ತದೆ. ಆಗ ಆ ರೈತನಿಗೆ ಬೇಕಾದದ್ದು ಮರ ಕೊಯ್ಯುವ ಮಿಷನ್ನು, ಅದಕ್ಕೆ ಪೆಟ್ರೋಲು, ಅದನ್ನು ಹಿಡಿಯಲು ಗೊತ್ತಿರುವ ಇಬ್ಬರು, ದಿಮ್ಮಿ ಎಳೆಯಲು ಒಂದು ಟ್ರ್ಯಾಕ್ಟರು. ಬಿಸ್ಕತ್ತಿನ ಪೊಟ್ಟಣ ಎಷ್ಟು ಬಂದರೂ ಈ ಕೆಲಸ ಆಗುವುದಿಲ್ಲ. ನಿಮ್ಮ ಊರ ಕಡೆ ಮಿಷನ್ನು ಹಿಡಿಯುವವರು ಇದ್ದರೆ ಅವರ ಹತ್ತು ದಿನದ ಕೂಲಿ, ಹೋಗಿಬರುವ ಖರ್ಚು ಕೊಟ್ಟು ಕಳಿಸಿ. ಅದು ಒಂದು ಲಾರಿ ಸಾಮಾನಿಗಿಂತ ದೊಡ್ಡ ಸಹಾಯ.

ಇನ್ನು ಬಟ್ಟೆ ವಿಷಯ. 2004ರ ಸುನಾಮಿ ಆದ ಮೇಲೆ ನಾಗಪಟ್ಟಣದ ರಸ್ತೆ ಬದಿಯಲ್ಲಿ ಹಳೆ ಬಟ್ಟೆ ರಾಶಿ ರಾಶಿ ಬಿದ್ದಿತ್ತು. ಮೀನುಗಾರರು ಮುಟ್ಟಲಿಲ್ಲ. ಎಲ್ಲ ಕಳೆದುಕೊಂಡವರಿಗೂ ಬೇರೆಯವರ ಬೆವರಿನ ಬಟ್ಟೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ, ಬರಲೂಬಾರದು. ಒಂದು ಮೂಟೆ ಬಿಚ್ಚಿ ನೋಡಿದರೆ ಏನಿರುತ್ತದೆ ಅಂತ ನಮಗೆಲ್ಲ ಗೊತ್ತು. ಗುಂಡಿ ಇಲ್ಲದ ಶರ್ಟು, ಒಂಟಿ ಸಾಕ್ಸು, ಮಗಳ ಡ್ಯಾನ್ಸ್ ಪ್ರೋಗ್ರಾಮಿನ ಮಿಂಚು ಫ್ರಾಕು, ಜಿಪ್ ಹೋದ ಜೀನ್ಸು. ನಮ್ಮ ಬೀರು ಖಾಲಿಯಾಯಿತು, ಅಷ್ಟೇ. ಗೂಂಜ್ ಅನ್ನುವ ಸಂಸ್ಥೆ ಇದೇ ಸಮಸ್ಯೆಯನ್ನು ಹಿಡಿದು ಕೆಲಸ ಮಾಡುತ್ತದೆ. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬಟ್ಟೆಯನ್ನು ಬೇರ್ಪಡಿಸಿ, ಸರಿಮಾಡಿ, ಊರಿನವರು ಕೆರೆ ಹೂಳೆತ್ತುವುದು, ರಸ್ತೆ ಸರಿಮಾಡುವುದು ಮಾಡಿದ ಮೇಲೆ ಅದಕ್ಕೆ ಪ್ರತಿಯಾಗಿ ಕೊಡುತ್ತಾರೆ. ಪಡೆದವರು ಭಿಕ್ಷೆ ಅಂದುಕೊಳ್ಳುವುದಿಲ್ಲ. ಬಟ್ಟೆಯನ್ನೇ ಕೊಡಬೇಕು ಅಂತ ಹಟ ಇದ್ದರೆ ಹೀಗೆ ಬೇರ್ಪಡಿಸುವ ವ್ಯವಸ್ಥೆ ಇರುವವರಿಗೆ ಕೊಡಿ, ಅಥವಾ ಹೊಸ ಹತ್ತಿ ಸೀರೆ, ಲುಂಗಿ, ಟವೆಲು, ಒಳ ಉಡುಪು ತೆಗೆದುಕೊಡಿ.

ಅಕ್ಕಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಿಂದ ಭುವನೇಶ್ವರಕ್ಕೆ 1,400 ಕಿ.ಮೀ.ಗೂ ಹೆಚ್ಚು. ಲಾರಿ ಬಾಡಿಗೆಯಲ್ಲೇ ಅಲ್ಲಿ ಎಷ್ಟೋ ಮೂಟೆ ಬರುತ್ತದೆ. ಮೇಲಾಗಿ ಆ ಕಡೆ ಹಳ್ಳಿಯವರು ಉಣ್ಣುವುದು ಹೆಚ್ಚಾಗಿ ಕುಚ್ಚಲಕ್ಕಿ. ಪಕ್ಕದ ಪೇಟೆಯಲ್ಲಿ ಅಂಗಡಿ ತೆರೆದ ಮೇಲೆ ಅಲ್ಲೇ ಕೊಂಡರೆ ಆ ವ್ಯಾಪಾರಿಯೂ ಚೇತರಿಸಿಕೊಳ್ಳುತ್ತಾನೆ. ಮೊದಲ ದಿನಗಳಿಗೆ ಒಡಿಶಾದಲ್ಲಿ ಹಂಚುವುದು ಚುಡಾ-ಗುಡ, ಅಂದರೆ ನಮ್ಮ ಅವಲಕ್ಕಿ-ಬೆಲ್ಲ. ಒಲೆ ಬೇಡ, ಸೌದೆ ಬೇಡ, ನೀರಲ್ಲಿ ನೆನೆಸಿದರೆ ಆಯಿತು.

ನೀರು ಅಂದೆ, ಆದರೆ ಆ ನೀರೇ ಇರುವುದಿಲ್ಲ. ಕರಾವಳಿ ಹಳ್ಳಿಗಳಲ್ಲಿ ಸ್ನಾನ, ಪಾತ್ರೆ, ಮೀನು, ದನ ಎಲ್ಲಕ್ಕೂ ಮನೆ ಪಕ್ಕದ ಕೆರೆ. ಅದಕ್ಕೆ ಉಪ್ಪು ನೀರು ನುಗ್ಗುತ್ತದೆ, ಎಲೆ, ಸತ್ತ ಮೀನು ಸೇರಿ ನೀರು ಕಪ್ಪಗಾಗಿ ನಾರುತ್ತದೆ. ಪಂಪು ಹಾಕಿ ಖಾಲಿ ಮಾಡಬೇಕು, ಕಸ ಎತ್ತಬೇಕು, ಸುಣ್ಣ ಹಾಕಬೇಕು, ಮಳೆಗೆ ಬಿಡಬೇಕು. ಡೀಸೆಲ್ ಪಂಪಿನ ಬಾಡಿಗೆ ಮತ್ತು ಊರಿನವರಿಗೇ ಕೂಲಿ, ಇಷ್ಟೇ ಖರ್ಚು. ಊರಿನವರಿಗೇ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ ಆ ಹೊತ್ತಿನಲ್ಲಿ ಅಲ್ಲಿ ಯಾರಿಗೂ ಕೆಲಸ ಇರುವುದಿಲ್ಲ. ಅವರ ಕೈಯಲ್ಲಿ ಆಗುವ ಕೆಲಸವನ್ನು ನಮ್ಮ ಹುಡುಗರು ಹೋಗಿ ಪುಕ್ಕಟೆ ಮಾಡಿದರೆ ಅವರ ಕೂಲಿ ಕಿತ್ತುಕೊಂಡ ಹಾಗೇ ಅಲ್ವಾ?

ಹಾಗಾದರೆ ಹುಡುಗರು ಏನು ಮಾಡಬಹುದು? ಕಾಗದದ ಕೆಲಸ! ತಮಾಷೆ ಅಲ್ಲ. ಪ್ರವಾಹದಲ್ಲಿ ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಜಮೀನಿನ ಪತ್ರ ಎಲ್ಲ ಹೋಗಿರುತ್ತದೆ. ಅವು ಇಲ್ಲದೆ ಪರಿಹಾರ ಬರುವುದಿಲ್ಲ. ಫೋನು, ಪವರ್ ಬ್ಯಾಂಕು, ತಾಳ್ಮೆ ಇರುವ ಇಬ್ಬರು, ಒಡಿಯಾ ಬಲ್ಲ ಒಬ್ಬರು ಕೂತು ಅರ್ಜಿ ತುಂಬಿಸಿಕೊಟ್ಟರೆ ಒಂದು ಊರಿಗೇ ಉಪಕಾರ. ಅದರಲ್ಲೂ ಬೇರೆಯವರ ಗದ್ದೆಯನ್ನು ಪಾಲಿಗೆ ಮಾಡುವವರ ಕಡೆ ಗಮನ ಇರಲಿ. ಒಡಿಶಾದಲ್ಲಿ ಅವರಿಗೆ ಭಾಗಚಾಷಿ ಅನ್ನುತ್ತಾರೆ. ಬೆಳೆ ಬೆಳೆದವರು ಅವರು, ಪಹಣಿ ಇರುವುದು ಮಾಲೀಕನ ಹೆಸರಲ್ಲಿ. ಪರಿಹಾರದ ದುಡ್ಡು ಹೋಗುವುದು ಪಹಣಿ ಹಿಂದೆ. ಸರ್ಕಾರದ ಪಟ್ಟಿಯಲ್ಲಿ ಇವರ ಹೆಸರು ಇಲ್ಲದಿದ್ದರೆ ನಿಮ್ಮ ಎತ್ತಿಟ್ಟ ಅರ್ಧ ದುಡ್ಡು ಇವರಿಗೆ ಹೋಗಲಿ. ರಸ್ತೆ ಬದಿಯ ಹಳ್ಳಿಗೆ ನಾಲ್ಕು ಸಲ ಕಿಟ್ ಸಿಕ್ಕಿ ಒಳಗಿನ ದಲಿತ ಕೇರಿಗೆ, ನದಿ ಆಚೆಯ ಊರಿಗೆ ಒಂದೂ ತಲುಪದೆ ಇರುವುದು ಎಲ್ಲ ಕಡೆ ಇದ್ದದ್ದೇ. ಹಂಚುವ ಮುಂಚೆ ‘ಇದುವರೆಗೆ ಯಾರಿಗೆ ಬಂದಿಲ್ಲ?’ ಅಂತ ಕೇಳಿಸಿಕೊಂಡು ಪಟ್ಟಿ ಮಾಡುವುದೂ ಇದೇ ಹುಡುಗರ ಕೆಲಸ ಆಗಬಹುದು.

ಇನ್ನೊಂದು ಕೆಲಸ ಜನರ ಜೊತೆ ಇರುವುದು. 1999ರ ನಂತರ ಎರಸಮಾದಲ್ಲಿ ‘ಸ್ನೇಹ ಕರ್ಮಿ’ ಅಂತ ಅಲ್ಲಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟರು. ಗಂಡ, ಮಕ್ಕಳನ್ನು ಕಳೆದುಕೊಂಡವರ ಜೊತೆ, ಅನಾಥ ಮಕ್ಕಳ ಜೊತೆ ಅವರು ಊರಲ್ಲೇ ಉಳಿದು ಕೆಲಸ ಮಾಡಿದರು. ಮೂರು ದಿನಕ್ಕೆ ಬಂದು ಹೋಗುವವರಿಂದ ಇದು ಆಗುವುದಿಲ್ಲ. ಇಂಥವರ ತಿಂಗಳ ಸಂಬಳಕ್ಕೆ ನೀವು ದುಡ್ಡು ಕೊಡಬಹುದು. ‘ಸಂಬಳಕ್ಕೆ ಯಾಕೆ, ಸಾಮಾನಿಗೆ ಕೊಡ್ತೀವಿ’ ಅನ್ನುವ ದಾನಿಗಳೇ ಜಾಸ್ತಿ. ನನಗೆ ಈ ವಾದ ಯಾವತ್ತೂ ಅರ್ಥವಾಗಿಲ್ಲ.

ಮನೆ ಕಟ್ಟುವುದು ಮಾತ್ರ ಅವಸರದ ಕೆಲಸ ಅಲ್ಲ. ಸಾಲಾಗಿ ಒಂದೇ ಥರದ ಮನೆ ಕಟ್ಟಿ, ಗೋಡೆ ಮೇಲೆ ದಾನಿಗಳ ಹೆಸರು ಬರೆಸಿ, ಬೀಗದ ಕೈ ಕೊಟ್ಟು ಬರುವವರಿದ್ದಾರೆ. ದನ ಎಲ್ಲಿ ಕಟ್ಟಬೇಕು, ಬಲೆ ಎಲ್ಲಿ ಒಣಗಿಸಬೇಕು ಅಂತ ಯಾರೂ ಕೇಳಿರುವುದಿಲ್ಲ. ಅದರ ಬದಲು ದುಡ್ಡು ಕಂತಿನಲ್ಲಿ ಕೊಟ್ಟು ಮನೆಯವರೇ ಕಟ್ಟಿಕೊಳ್ಳಲಿ. ನೀವು ಒಬ್ಬ ಒಳ್ಳೆ ಮೇಸ್ತ್ರಿಯನ್ನೋ ಇಂಜಿನಿಯರನ್ನೋ ಕಳಿಸಿ ನಾಲ್ಕು ವಿಷಯ ನೋಡಿಕೊಳ್ಳಿ: ತಳಪಾಯ ನೀರು ನಿಲ್ಲುವ ಮಟ್ಟಕ್ಕಿಂತ ಮೇಲಿದೆಯಾ, ಚಾವಣಿ ಎರಡು ಕಡೆ ಬದಲು ನಾಲ್ಕು ಕಡೆಗೂ ಇಳಿಜಾರಾಗಿದೆಯಾ, ತೊಲೆಗಳನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿದಿದ್ದಾರಾ, ಅಂಚಿನ ಶೀಟುಗಳಿಗೆ ಹುಕ್ ಬೋಲ್ಟು ಒತ್ತೊತ್ತಾಗಿ ಹಾಕಿದ್ದಾರಾ. ಗಾಳಿ ಚಾವಣಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಒಂದು ಮೂಲೆ ಎದ್ದರೆ ಪೂರ್ತಿ ಹೋದಂತೆ. ಬೋಲ್ಟಿನ ಖರ್ಚು ಮನೆಯ ಖರ್ಚಿನ ಮುಂದೆ ಏನೂ ಅಲ್ಲ, ಆದರೂ ಮೊದಲು ಉಳಿಸಲು ಹೋಗುವುದು ಅಲ್ಲೇ.

ದುಡ್ಡು ಕೊಡುವವರಿಗೆ ಒಂದೆರಡು ಲೆಕ್ಕದ ಮಾತು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡಬಹುದು, ಅಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವ ಸಂಸ್ಥೆಗೂ ಕೊಡಬಹುದು. ಎರಡನೆಯದಾದರೆ ಚಂಡಮಾರುತಕ್ಕೆ ಮುಂಚೆ ಅವರು ಅದೇ ಜಿಲ್ಲೆಯಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿ. ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಡಬೇಡಿ. ಸಾಮಾನು ಕೊಟ್ಟರೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗಂತೂ ಇಲ್ಲವೇ ಇಲ್ಲ. ಅಮೆರಿಕದಲ್ಲೋ ಬೇರೆ ದೇಶದಲ್ಲೋ ಅಲ್ಲಿನ ಪೌರತ್ವ ತೆಗೆದುಕೊಂಡಿರುವ ನಿಮ್ಮ ಅಣ್ಣನೋ ಅಕ್ಕನೋ ಕೊಡುವುದಾದರೆ ಅದು ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರುವ ಸಂಸ್ಥೆಗೆ, ಅವರ ಅದೇ ಉದ್ದೇಶದ ದೆಹಲಿ ಎಸ್‌ಬಿಐ ಖಾತೆಗೇ ಹಾಕಬೇಕು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರ ಖಾತೆಗೆ ಹಾಕಿಸಿಕೊಳ್ಳಬೇಡಿ.

ಲಾರಿ ಆಗಲೇ ಗೊತ್ತುಮಾಡಿಯಾಗಿದೆ, ಹಿಂದೆಗೆಯಲು ಆಗುವುದಿಲ್ಲ ಅಂದರೆ ಅದರ ತುಂಬ ದಪ್ಪ ತಾರ್ಪಾಲು ಹಾಕಿ. ತೆಳ್ಳನೆಯ ನೀಲಿ ಹಾಳೆ ಬಿಸಿಲಿಗೆ ಬೇಗ ಹರಿಯುತ್ತದೆ. ಪ್ರತಿ ತಾರ್ಪಾಲಿಗೂ ಸಾಕಷ್ಟು ನೈಲಾನ್ ಹಗ್ಗ ಇರಲಿ, ಅದನ್ನು ಮರೆಯುವವರೇ ಜಾಸ್ತಿ. ಜೊತೆಗೆ ಸೋಲಾರ್ ದೀಪ, ಸೊಳ್ಳೆ ಪರದೆ, ಮುಚ್ಚಳ ಇರುವ ಬಕೆಟ್ಟು, ನೀರು ಶುದ್ಧಿ ಮಾಡುವ ಮಾತ್ರೆ, ಸ್ಯಾನಿಟರಿ ಪ್ಯಾಡು, ಗುದ್ದಲಿ, ಕೊಡಲಿ, ಹಾರೆ. ಹೊರಡುವ ಮುಂಚೆ ಆ ಊರಿನ ಒಬ್ಬರಿಗೆ ಫೋನ್ ಮಾಡಿ, ಲಾರಿ ಎಲ್ಲಿ ನಿಲ್ಲಬೇಕು, ಯಾರು ಇಳಿಸಿಕೊಳ್ಳುತ್ತಾರೆ, ಸೇತುವೆ ಇದೆಯಾ ಅಂತ ಕೇಳಿಕೊಳ್ಳಿ.