ಊರು ಬಿಟ್ಟು ಹೊರಟವಳ ಮಾತ್ರೆ ಡಬ್ಬಿ

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಆರಂಭಿಸಿದ ಮೇಲೆ ಉಕ್ರೇನಿನಲ್ಲಿ 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ. ಗಡಿ ದಾಟಿದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಲ್ಲಿ ಎಚ್‌ಐವಿ ಇದ್ದವರಿಗೆ ಊಟ, ಹೊದಿಕೆಯಷ್ಟೇ ತುರ್ತಾಗಿ ಬೇಕಿದ್ದದ್ದು ದಿನದ ಮಾತ್ರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಎಆರ್‌ಟಿ (ಎಚ್‌ಐವಿಯನ್ನು ಅದುಮಿಡುವ ಚಿಕಿತ್ಸೆ) ಪಡೆಯುವವರಿಗೂ ಇದು ದೂರದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಪಕ್ಕದ ಕೊಡಗಿನಲ್ಲಿ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದ್ದರು.

ನಮ್ಮಲ್ಲಿ ಈಗ ಹೆಚ್ಚಿನವರು ನುಂಗುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಏರುತ್ತದೆ. ಜೊತೆಗೆ ಹೆಪಟೈಟಿಸ್ ಬಿ ಇದ್ದರೆ ಇನ್ನೂ ಕಷ್ಟ, ಏಕೆಂದರೆ ಮೊದಲೆರಡು ಔಷಧಿಗಳು ಆ ವೈರಸ್ಸನ್ನೂ ಅದುಮಿಟ್ಟಿರುತ್ತವೆ. ಥಟ್ಟನೆ ಬಿಟ್ಟರೆ ಲಿವರ್ ಊತ ಕೆರಳಬಹುದು. ಡಬ್ಬಿ ಖಾಲಿಯಾದೀತೆಂದು ದಿನ ಬಿಟ್ಟು ದಿನ ನುಂಗುವುದು ಬೇಡ. ಔಷಧಿಯ ಮಟ್ಟ ಅರೆಬರೆಯಾದಾಗ ವೈರಸ್ ಅದಕ್ಕೆ ಬಗ್ಗದಿರಲು ಕಲಿಯುತ್ತದೆ.

ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಜೊತೆಗೊಯ್ಯುವ ಚೀಟಿಯಲ್ಲಿ ಔಷಧಿಗಳ ಮೂಲ ಹೆಸರು, ಮಿಲಿಗ್ರಾಂ, ಕೊನೆಯ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ), ಟಿಬಿ ಚಿಕಿತ್ಸೆಯ ವಿವರ ಇರಲಿ. ಟಿಬಿಯ ರಿಫಾಂಪಿಸಿನ್ ನುಂಗುವವಳಿಗೆ ಟಿಎಲ್‌ಡಿ ಆದ 12 ಗಂಟೆಗೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇನ್ನೊಮ್ಮೆ ಬೇಕು. ಚೀಟಿ ಇಲ್ಲದಿದ್ದರೆ ತಪ್ಪಿಹೋಗುವುದು ಇದೇ. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳೂ ಡೊಲುಟೆಗ್ರಾವಿರ್ ರಕ್ತ ಸೇರುವುದನ್ನು ತಡೆಯುತ್ತವೆ. ಊಟದೊಂದಿಗಾದರೆ ಒಟ್ಟಿಗೆ ನುಂಗಬಹುದು. ಖಾಲಿ ಹೊಟ್ಟೆಯಲ್ಲಾದರೆ ಟಿಎಲ್‌ಡಿಯನ್ನು 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ.

ಶಿಬಿರದಲ್ಲಿ ಹೆರಿಗೆಯಾದರೆ ಕೂಸಿಗೆ ತಾಯಿಯಿಂದ ಎಚ್‌ಐವಿ ತಗಲದಂತೆ ಹುಟ್ಟಿದೊಡನೆ ನೆವಿರಾಪಿನ್ ಸಿರಪ್ ಶುರುವಾಗಬೇಕು. ಎರಡೂವರೆ ಕಿಲೋ ಮೇಲಿದ್ದರೆ ದಿನಕ್ಕೊಮ್ಮೆ 15 ಮಿಲಿಗ್ರಾಂ, ಅಂದರೆ ಒಂದೂವರೆ ಮಿಲಿ, 6 ವಾರ. ಸೋಂಕು ತಗಲುವ ಅಪಾಯ ಹೆಚ್ಚಿದ್ದರೆ ಇನ್ನೊಂದು ಔಷಧಿ ಸೇರುತ್ತದೆ. ಎದೆಹಾಲು ಕುಡಿಯುವ ಅಂಥ ಕೂಸಿಗೆ 12 ವಾರ. ದಾನವಾಗಿ ಬಂದ ಹಾಲಿನ ಪುಡಿ ಡಬ್ಬಿಗಳನ್ನು ಎಲ್ಲರಿಗೂ ಹಂಚಿಬಿಡುವುದು ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು. ಕುದಿಸಿದ ನೀರಿಲ್ಲದ ಕಡೆ ಬಾಟಲಿ ಹಾಲಿನಿಂದ ಬರುವ ಭೇದಿ ಕೂಸನ್ನು ಕೊಲ್ಲಬಲ್ಲದು. ತಾಯಿ ಮಾತ್ರೆ ತಪ್ಪಿಸದಿದ್ದರೆ 6 ತಿಂಗಳು ಎದೆಹಾಲೊಂದೇ ಸಾಕು.

ಅತ್ಯಾಚಾರಕ್ಕೆ ಒಳಗಾದವಳಿಗೆ 72 ಗಂಟೆಯೊಳಗೆ ಪಿಇಪಿ (ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ) ಎಂಬ ನಿಯಮ ಎಲ್ಲರಿಗೂ ಗೊತ್ತು. ಎಚ್‌ಐವಿ ಮೊದಲೇ ಇರುವವಳಿಗೆ ಪಿಇಪಿ ಬೇಕಿಲ್ಲ. ಹಾಗೆಂದು ಬರಿಗೈಲಿ ಕಳಿಸುವುದು ಅನ್ಯಾಯ. 5 ದಿನದೊಳಗೆ ಗರ್ಭ ತಡೆಯುವ ತುರ್ತು ಮಾತ್ರೆ, ಲೈಂಗಿಕ ಸೋಂಕುಗಳಿಗೆ ಔಷಧಿ, ಹೆಪಟೈಟಿಸ್ ಬಿ ಲಸಿಕೆ, ಗಾಯದ ಆರೈಕೆ ಅವಳಿಗೂ ಬೇಕು. ಎಚ್‌ಐವಿಗೆ ಹಳೆಯ ಎಫಾವಿರೆಂಜ್ ಮಾತ್ರೆಯಲ್ಲೇ ಇದ್ದರೆ ಗರ್ಭ ತಡೆಯುವ ಲೆವೊನಾರ್‌ಜೆಸ್ಟ್ರಲ್ ಒಂದೂವರೆ ಮಿಲಿಗ್ರಾಂ ಸಾಲದು, 3 ಮಿಲಿಗ್ರಾಂ ಬೇಕು.

ಇಷ್ಟೆಲ್ಲ ಇದ್ದೂ ಹೆಂಗಸರು ಬರುವುದಿಲ್ಲ, ಎಚ್‌ಐವಿ ಮಾತ್ರೆಗೆಂದೇ ಬೇರೆ ಸಾಲು ಮಾಡಿದರೆ. ಆ ಸಾಲಲ್ಲಿ ನಿಂತರೆ ಶಿಬಿರಕ್ಕೆಲ್ಲ ಸಾರಿದಂತೆ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ಕೊಡುವ ಅದೇ ಕೋಣೆಯಲ್ಲಿ, ಅದೇ ಬಣ್ಣದ ಚೀಟಿಯಲ್ಲಿ, ಹೆಸರು ಕೂಗದೆ ಕೊಡಬೇಕು. ಸಾಧ್ಯವಾದರೆ ಒಮ್ಮೆಗೇ 3 ತಿಂಗಳಿಗೆ.