ನಡುವೆ ಒಂದು ಕಂಬ ನೆಟ್ಟರೆ

ಹತ್ತು ಜಾತಿಯ ಕಪ್ಪೆಗಳ ಡಿಎನ್‌ಎ ನಿಮ್ಮ ಮುಂದಿದೆ. ಯಾವುದಕ್ಕೆ ಯಾವುದು ಹತ್ತಿರದ ನೆಂಟ ಅಂತ ವಂಶದ ಮರ ಬರೆಯಬೇಕು. ಬೇರು ಎಲ್ಲಿ ಅನ್ನುವ ಪ್ರಶ್ನೆ ಬಿಟ್ಟರೂ 20,27,025 ಬಗೆಯ ಮರ ಸಾಧ್ಯ. ಇಪ್ಪತ್ತು ಜಾತಿಯಾದರೆ ಆ ಸಂಖ್ಯೆಗೆ 21 ಅಂಕಿ! ಸೆಕೆಂಡಿಗೆ 10 ಲಕ್ಷ ಮರ ನೋಡುವ ಕಂಪ್ಯೂಟರಿಗೂ ಸುಮಾರು 70 ಲಕ್ಷ ವರ್ಷ ಬೇಕು.

ಅತಿ ಕಡಿಮೆ ಡಿಎನ್‌ಎ ಅಕ್ಷರ (ಎ, ಟಿ, ಜಿ, ಸಿ) ಬದಲಾವಣೆಯಲ್ಲಿ ಕೆಲಸ ಮುಗಿಸುವ ಮರ ಹುಡುಕುವುದು ಒಂದು ಹಳೆಯ ದಾರಿ. ಅದಕ್ಕೆ ಪಾರ್ಸಿಮನಿ ಅನ್ನುತ್ತೇವೆ. ಇದು ಎನ್‌ಪಿ-ಹಾರ್ಡ್ ಎಂದು ಗಣಿತಜ್ಞರಾದ ಫೌಲ್ಡ್ಸ್ ಮತ್ತು ಗ್ರಹಾಂ 1982ರಲ್ಲಿ ತೋರಿಸಿದರು. ಅಂದರೆ ಪ್ರತಿ ಸಲವೂ ಬೇಗ ಮುಗಿಯುವ, ಪಕ್ಕಾ ಉತ್ತರ ಕೊಡುವ ವಿಧಾನ ಸಿಗುವ ಆಸೆ ತೀರಾ ಕಡಿಮೆ. ಹಾಗಾಗಿ ಅಂದಾಜು. ಆದರೆ ಎಷ್ಟು ತಪ್ಪಬಹುದು ಅಂತ ಮೊದಲೇ ಮಾತು ಕೊಡುವ ಅಂದಾಜು.

ಮನೆಗಳಿಗೆ ಕರೆಂಟ್ ವೈರ್ ಎಳೆದ ಹಾಗೆ ಯೋಚಿಸಿ. ಒಂದೊಂದು ಜಾತಿ ಒಂದೊಂದು ಮನೆ. ಎಷ್ಟು ಅಕ್ಷರ ಬೇರೆಯೋ ಅಷ್ಟು ದೂರ. ಹತ್ತಿರದ ಜೋಡಿ ಮೊದಲು, ಸುತ್ತು ಬೀಳದಂತೆ ನೋಡಿಕೊಂಡು ಮನೆಯಿಂದ ಮನೆಗೆ ಎಳೆಯುತ್ತಾ ಹೋಗಿ. ಕ್ಷಣದ ಕೆಲಸ. ನಿಜವಾದ ಮರದಲ್ಲಾದರೋ ನಡುವೆ ಕಂಬಗಳಿರುತ್ತವೆ. ಅವೇ ಈಗಿಲ್ಲದ ಪೂರ್ವಜರು.

ಕಾಗದ ತಗೊಂಡು ನೋಡಿ. ಮೂರು ಜಾತಿ: ಟಿ-ಎ-ಎ, ಎ-ಟಿ-ಎ, ಎ-ಎ-ಟಿ. ಯಾವ ಎರಡು ತಗೊಂಡರೂ ಎರಡು ಅಕ್ಷರ ಬೇರೆ. ಮನೆಯಿಂದ ಮನೆಗೆ ಎಳೆದರೆ ಒಟ್ಟು 4. ನಡುವೆ ಎ-ಎ-ಎ ಎಂಬ ಕಂಬ ನೆಟ್ಟರೆ 3 ಸಾಕು. ಇದೇ ಥರ ಹತ್ತು ಜಾತಿಯಾದರೆ 18 ಮತ್ತು 10. ಎರಡು ಪಟ್ಟಿನ ಹತ್ತಿರ ಬಂತು, ಅಲ್ವಾ? ಆದರೆ ದಾಟುವುದಿಲ್ಲ. ಯಾಕೆ?

ಅತಿ ಚಿಕ್ಕ ಮರದ, ಅಂದರೆ ಒಟ್ಟು ಬದಲಾವಣೆ ಅತಿ ಕಡಿಮೆ ಇರುವ ಮರದ ಮೇಲೆ ಒಂದು ಇರುವೆ ಬಿಡಿ. ಪ್ರತಿ ಕೊಂಬೆಯಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎಲ್ಲ ಎಲೆ ಮುಟ್ಟಿ ವಾಪಸ್ ಬರುವಷ್ಟರಲ್ಲಿ ನಡೆದದ್ದು ಮರದ ಉದ್ದದ ಸರಿಯಾಗಿ ಎರಡು ಪಟ್ಟು. ಎಲೆಯಿಂದ ಎಲೆಗೆ ನೇರ ಹಾರಿದರೆ ಆ ದಾರಿ ಹೆಚ್ಚಾಗುವುದಿಲ್ಲ. ಅದೂ ಕಂಬವಿಲ್ಲದ ಒಂದು ಜೋಡಣೆಯೇ. ನಾವು ಎಳೆದದ್ದು ಅಂಥ ಜೋಡಣೆಗಳಲ್ಲೆಲ್ಲ ಅತಿ ಚಿಕ್ಕದು. ಈ ವಾದ ನನಗೆ ತುಂಬಾ ಇಷ್ಟ. ಚಿಕ್ಕ ಮರ ಯಾವುದು ಅಂತ ಗೊತ್ತಿಲ್ಲದೆಯೇ ಅದರ ಅಳತೆ ಹಿಡಿದುಬಿಡುತ್ತದೆ.

ಒಂದು ಎಚ್ಚರ. ಈ ಮಾತು ಉದ್ದಕ್ಕೆ ಮಾತ್ರ, ಆಕಾರಕ್ಕಲ್ಲ. ಮೇಲಿನ ಮೂರರಲ್ಲಿ ನಮ್ಮ ವೈರು ಒಂದು ಜಾತಿಯನ್ನು ಸುಮ್ನೆ ನಡುವೆ ನಿಲ್ಲಿಸಿ ಉಳಿದೆರಡಕ್ಕೆ ಅಜ್ಜನ ಜಾಗ ಕೊಟ್ಟಿತು. ಮೂರೂ ಒಡಹುಟ್ಟಿದವು! ನಮಗೆ ಬೇಕಾದದ್ದೇ ನೆಂಟಸ್ತಿಕೆ. ಕೇರಳದ ನೇರಳೆ ಕಪ್ಪೆಯ ವಿವರಣೆ 2003ರಲ್ಲಿ ಪ್ರಕಟವಾದಾಗ ಅದರ ಹತ್ತಿರದ ನೆಂಟರು ಕಂಡದ್ದು ಪಕ್ಕದ ಕಾಡಿನಲ್ಲಲ್ಲ, ಕಡಲಾಚೆಯ ಸೆಶೆಲ್ಸ್‌ನಲ್ಲಿ. ಅದನ್ನು ಹೇಳಿದ್ದು ಮರದ ಆಕಾರ.

ಹಾಗಾಗಿ ನಾನು ವೈರಿನ ಮರವನ್ನು ಉತ್ತರ ಅಂತ ಕೊಡುವುದಿಲ್ಲ. ಅಲ್ಲಿಂದ ಶುರುಮಾಡಿ, ಕೊಂಬೆ ಕತ್ತರಿಸಿ ಬೇರೆ ಕಡೆ ಕಸಿ ಕಟ್ಟುತ್ತಾ ಉದ್ದ ಇಳಿಸುತ್ತೇನೆ. ವೈರು 1000 ಬಂದಿದ್ದರೆ ಯಾವ ಮರವೂ 500ಕ್ಕಿಂತ ಕೆಳಗೆ ಹೋಗದು. ನನ್ನ ಕಸಿ 620ಕ್ಕೆ ನಿಂತರೆ ಇನ್ನು ಇಳಿಯಲು ಉಳಿದಿರುವುದು ಹೆಚ್ಚೆಂದರೆ 120. 620 ಮತ್ತು 500, ಆ ಎರಡೂ ಸಂಖ್ಯೆಯನ್ನು ಮರದ ಪಕ್ಕದಲ್ಲೇ ಬರೆದಿಡುತ್ತೇನೆ.