ಭಾನುವಾರ ಮನೆ ನೋಡಬೇಡಿ

ಬೇರೆ ಊರಿಗೆ ವರ್ಗವಾದವರಿಗೆ ಮನೆ, ಅವರ ಮಕ್ಕಳಿಗೆ ಶಾಲೆ ಹುಡುಕಿಕೊಡುವುದು ನನ್ನ ಕೆಲಸ. ಮನೆ ನೋಡಲು ಬರುವವರು ಹೆಚ್ಚಾಗಿ ಭಾನುವಾರವನ್ನೇ ಆರಿಸಿಕೊಳ್ಳುತ್ತಾರೆ. ರಜೆ ಇರುವುದು ಅವತ್ತೇ, ತಪ್ಪೇನಿಲ್ಲ. ಆದರೆ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಚೆನ್ನಾಗಿ ಕಾಣದ ಬಡಾವಣೆಯನ್ನು ನಾನಿನ್ನೂ ನೋಡಿಲ್ಲ. ರಸ್ತೆ ಖಾಲಿ. ಪಕ್ಕದ ವರ್ಕ್‌ಶಾಪಿನ ಶಟರ್ ಇಳಿದಿರುತ್ತದೆ. ಎದುರಿನ ಶಾಲೆಯ ಗೇಟಿನಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

ನಾನೂ ಹೀಗೆ ಮೋಸ ಹೋದವಳೇ. ಈ ಕೆಲಸಕ್ಕೆ ಬರುವ ಮುಂಚೆ, ನಮ್ಮದೇ ಸಂಸಾರ ಊರು ಬದಲಿಸಿದಾಗ, ಒಂದು ಬಾಲ್ಕನಿಗೆ ಮರುಳಾಗಿ ಮನೆ ಹಿಡಿದೆವು. ಎದುರಿಗೆ ಎತ್ತರದ ಗೋಡೆ, ಅದರ ತುಂಬ ಹಬ್ಬಿದ ಬಳ್ಳಿ. ಸೋಮವಾರ ಬೆಳಗಿನ ಜಾವ ಐದಕ್ಕೆ ಗೊತ್ತಾಯಿತು, ಗೋಡೆಯಾಚೆ ಬಸ್ ಡಿಪೊ ಇದೆ ಅಂತ. ಒಂದಾದ ಮೇಲೊಂದು ಎಂಜಿನ್ ಗುರ್ ಅನ್ನತೊಡಗಿದವು. ಒಗೆದು ಹಾಕಿದ ಬಟ್ಟೆಗೆಲ್ಲ ಡೀಸೆಲ್ ವಾಸನೆ. ನಾವು ಮನೆ ನೋಡಿದ ಹೊತ್ತಿಗೆ ಬಸ್ಸುಗಳೆಲ್ಲ ಹೊರಟುಹೋಗಿದ್ದವು, ಅಷ್ಟೇ.

ಹಾಗಾಗಿ ಮನೆಯನ್ನು ಕೆಲಸದ ದಿನವೇ ನೋಡಿ. ಎರಡು ಸಲ ನೋಡಿ. ಒಮ್ಮೆ ಬೆಳಗ್ಗೆ ಶಾಲೆ ಶುರುವಾಗುವ ಹೊತ್ತಿಗೆ, ಇನ್ನೊಮ್ಮೆ ಕತ್ತಲಾದ ಮೇಲೆ. ಕತ್ತಲಲ್ಲಿ ನೋಡುವುದು ಹೆಚ್ಚೇನಿಲ್ಲ. ಬೀದಿದೀಪ ಉರಿಯುತ್ತವಾ, ಹೆಂಗಸರು, ವಯಸ್ಸಾದವರು ಆರಾಮಾಗಿ ಓಡಾಡುತ್ತಿದ್ದಾರಾ, ಅಷ್ಟು ಸಾಕು. ಬೆಳಗ್ಗೆ ಮಾತ್ರ ಮಗುವನ್ನೂ ಕರೆದುಕೊಂಡು ಹೋಗಿ. ಮನೆಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಮಗುವಿನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಿರಿ. ಫೋನಿನ ಮ್ಯಾಪು 600 ಮೀಟರ್ ಅನ್ನುತ್ತದೆ. ನಡುವೆ ಆರು ಲೇನಿನ ರಸ್ತೆ ಇದೆ, ದಾಟುವ ಜಾಗ ಇನ್ನೂ 300 ಮೀಟರ್ ಆಚೆ ಇದೆ ಅನ್ನುವುದು ನಡೆದವರಿಗೇ ಗೊತ್ತಾಗುವುದು.

ಮನೆ, ಶಾಲೆ, ಆಫೀಸು ಮೂರೂ ಹತ್ತಿರ ಹತ್ತಿರ ಸಿಕ್ಕರೆ ಅದೃಷ್ಟ. ಸಾಮಾನ್ಯವಾಗಿ ಸಿಗುವುದಿಲ್ಲ. ಯಾವುದು ದೂರವಾದರೂ ನಡೆಯುತ್ತದೆ ಅಂತ ಗಂಡ ಹೆಂಡತಿ ನನ್ನೆದುರೇ ಜಗಳ ಆಡಿದ್ದುಂಟು. ಮಕ್ಕಳು ಚಿಕ್ಕವರಾದರೆ ನನ್ನ ವೋಟು ಶಾಲೆಗೆ. ಆಫೀಸು ದೂರವಾಗಲಿ. ದೊಡ್ಡವರು ಹೊತ್ತು ಹಿಂದೆಮುಂದೆ ಮಾಡಿಕೊಳ್ಳಬಹುದು, ಕೆಲವರಿಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲವೂ ಇರುತ್ತದೆ. ಮಗುವಿಗೆ ಅದೆಲ್ಲ ಇಲ್ಲ. ಶಾಲೆ ಹತ್ತಿರವಿದ್ದರೆ ಕ್ಲಾಸಿನ ಒಂದಿಬ್ಬರಾದರೂ ಅಕ್ಕಪಕ್ಕದ ಬೀದಿಯಲ್ಲಿ ಸಿಗುತ್ತಾರೆ. ಸಂಜೆ ಆಟಕ್ಕೆ ಜೊತೆಯಾಗುತ್ತದೆ. ಒಂದೇ ತೊಂದರೆ, ಹನ್ನೊಂದು ಗಂಟೆಗೆ 'ಮಗುವಿಗೆ ಜ್ವರ ಬಂದಿದೆ' ಅಂತ ಶಾಲೆಯಿಂದ ಫೋನ್ ಬಂದರೆ ಅರ್ಧ ಗಂಟೆಯಲ್ಲಿ ಅಲ್ಲಿಗೆ ಹೋಗಬಲ್ಲವರು ಒಬ್ಬರು ಇರಬೇಕು. ಅದು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ.

ದೂರದ ಲೆಕ್ಕ ಕಿಲೋಮೀಟರಿನಲ್ಲಿ ಮಾಡಿದರೆ ಏನೂ ಅನ್ನಿಸುವುದಿಲ್ಲ. ನಿಮಿಷದಲ್ಲಿ ಮಾಡಿ ನೋಡಿ. ಒಂದು ಕಡೆಗೆ 15 ನಿಮಿಷದ ಬದಲು 55 ನಿಮಿಷ ಆದರೆ ದಿನಕ್ಕೆ 80 ನಿಮಿಷ ಜಾಸ್ತಿ. ವರ್ಷಕ್ಕೆ 200 ದಿನ ಶಾಲೆ ಅಂದುಕೊಂಡರೂ 266 ಗಂಟೆ ದಾಟುತ್ತದೆ. ಹಗಲು ರಾತ್ರಿ ಸೇರಿಸಿ ಹನ್ನೊಂದು ದಿನ ವ್ಯಾನಿನಲ್ಲೇ ಕೂತಂತೆ! ಇಷ್ಟು ಹೊತ್ತು ಎಲ್ಲಿಂದ ಬರಬೇಕು? ಆಟದಿಂದ, ಇಲ್ಲ ನಿದ್ದೆಯಿಂದ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಎಂಬ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ವ್ಯಾನು 6.40ಕ್ಕೆ ಬಂದರೆ ಮಗು ಆರಕ್ಕೆ ಏಳಬೇಕು. ಕಡಿಮೆ ಅಂದರೂ ರಾತ್ರಿ ಒಂಬತ್ತಕ್ಕೆ ನಿದ್ದೆ ಹತ್ತಿರಬೇಕು. ಅಪ್ಪ ಅಮ್ಮ ಮನೆ ಸೇರುವುದೇ ಎಂಟೂವರೆಗೆ ಆದರೆ ಮುಗಿಯಿತು.

ಇದನ್ನು ನಾನು ಕಲಿತದ್ದು ಒಂದು ಕುಟುಂಬಕ್ಕೆ ತಪ್ಪು ಸಲಹೆ ಕೊಟ್ಟು. ಹೆಸರುವಾಸಿ ಶಾಲೆ, ಸೀಟೂ ಇದೆ, ಬಿಡಬೇಡಿ ಅಂದಿದ್ದೆ. ಎರಡನೇ ಕ್ಲಾಸಿನ ಹುಡುಗ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ವ್ಯಾನು ಬಂತು. ಜೊತೆಗಿದ್ದ ಆಯಾ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದಳು. ಗಾಢ ನಿದ್ದೆ. ಒಂದು ಕಾಲಿನಲ್ಲಿ ಮಾತ್ರ ಶೂ ಇತ್ತು, ಇನ್ನೊಂದು ಅವಳ ಕೈಯಲ್ಲಿ. "ದಿನಾ ಹೀಗೇ ಮೇಡಂ" ಅಂದರು ತಾಯಿ. ಅವರು ನನ್ನನ್ನು ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಶಾಲೆಯ ಹೆಸರಿನ ಪಕ್ಕ ನಿಮಿಷ ಬರೆದಿರುತ್ತದೆ.

ಹೈಸ್ಕೂಲು ದಾಟಿದವರ ಮಾತು ಬೇರೆ. ಅವರು ಬಸ್ಸಿನಲ್ಲಿ ತಾವೇ ಹೋಗಿಬರುತ್ತಾರೆ. ಬೇಕಾದ ವಿಷಯ ಅಲ್ಲಿ ಮಾತ್ರ ಸಿಗುತ್ತದೆ ಅಂದರೆ ಸ್ವಲ್ಪ ದೂರವಾದರೂ ಸರಿ.

ಇನ್ನು ಈ 'ಹೆಸರುವಾಸಿ' ಅನ್ನುವ ಮಾತು. ಒಳ್ಳೆಯ ಅಂಕ ತರುವ ಶಾಲೆಯ ಸುತ್ತ ಮನೆಗಳು ದುಬಾರಿ, ಇದು ಎಲ್ಲರಿಗೂ ಗೊತ್ತು. ಎಷ್ಟು ದುಬಾರಿ ಅಂತ ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಅಳೆದರು. ಅಮೆರಿಕದ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅಂತ ಗುರುತಿಸುವ ಗಡಿಗೆರೆಯ ಆಚೆ ಈಚೆ ಇದ್ದ ಮನೆಗಳನ್ನು ಹೋಲಿಸಿದರು. ಬಡಾವಣೆ ಹೆಚ್ಚುಕಡಿಮೆ ಒಂದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ 5ರಷ್ಟು ಜಾಸ್ತಿ ಇದ್ದ ಕಡೆ ಜನ ಮನೆಗೆ ಶೇ 2.5ರಷ್ಟು ಹೆಚ್ಚು ಕೊಡುತ್ತಿದ್ದರು. 1999ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂದರೆ ಶಾಲೆಯ ಹೆಸರಿಗೆ ನೀವು ಮನೆಯ ದರದಲ್ಲೂ ದುಡ್ಡು ಕಟ್ಟುತ್ತೀರಿ. ಕಟ್ಟಿ, ಬೇಡ ಅನ್ನಲ್ಲ. ಆದರೆ ಆ ಅಂಕ ಹೇಗೆ ಬಂತು? ಚೆನ್ನಾಗಿ ಕಲಿಸಿದ್ದರಿಂದಲಾ, ಚೆನ್ನಾಗಿ ಓದುವವರನ್ನೇ ಆರಿಸಿಕೊಂಡದ್ದರಿಂದಲಾ?

ಅದನ್ನು ತಿಳಿಯಲು ನಾನು ಶಾಲೆಯವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. "ಈ ಸಲ ಕೊನೆಯ ಪರೀಕ್ಷೆ ಬರೆದ ಬ್ಯಾಚಿನಲ್ಲಿ ಎರಡು ವರ್ಷದ ಹಿಂದೆ ಎಷ್ಟು ಮಕ್ಕಳಿದ್ದರು?" 120 ಇದ್ದದ್ದು 85 ಆಗಿದ್ದರೆ ಮಿಕ್ಕ 35 ಮಕ್ಕಳು ಎಲ್ಲಿ ಹೋದರು? ಕೆಲವರು ಊರು ಬಿಟ್ಟಿರಬಹುದು. ಕೆಲವರಿಗೆ 'ನಿಮ್ಮ ಮಗುವಿಗೆ ಬೇರೆ ಶಾಲೆಯೇ ವಾಸಿ' ಅಂತ ನಯವಾಗಿ ಬಾಗಿಲು ತೋರಿಸಿರಬಹುದು. ನೂರಕ್ಕೆ ನೂರು ಫಲಿತಾಂಶಕ್ಕೆ ಇದೂ ಒಂದು ದಾರಿ. ಈ ವರ್ಷ ಎಷ್ಟು ಜನ ಟೀಚರುಗಳು ಬಿಟ್ಟುಹೋದರು ಅಂತಲೂ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ಜಾಸ್ತಿ ಹೇಳುತ್ತದೆ.

ಊರು ಬಿಟ್ಟು ಬರುವ ಮಗುವಿಗೆ ಇನ್ನೊಂದು ಪ್ರಶ್ನೆ ಮುಖ್ಯ. ವರ್ಷದ ಮಧ್ಯೆ ಸೇರಿದ ಮಗುವಿಗೆ ಮೊದಲ ವಾರ ನೀವೇನು ಮಾಡುತ್ತೀರಿ? "ನಾವು ಎಲ್ಲರನ್ನೂ ಒಂದೇ ಥರ ನೋಡ್ತೀವಿ" ಅಂದರೆ ಏನೂ ಮಾಡುವುದಿಲ್ಲ ಅಂತಲೇ ಅರ್ಥ. ಜೊತೆಗೊಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತುಮಾಡುತ್ತೇವೆ, ಬಿಟ್ಟುಹೋದ ಪಾಠಕ್ಕೆ ಇಂಥವರು ಕೂರುತ್ತಾರೆ ಅಂತ ಹೆಸರು ಹೇಳುವ ಶಾಲೆ ಬೇರೆಯೇ. ಬರುವಾಗ ಮಕ್ಕಳ ಶೌಚಾಲಯವನ್ನೊಮ್ಮೆ ನೋಡಿಕೊಂಡು ಬನ್ನಿ. ಆಫೀಸಿನ ಪಕ್ಕದ್ದಲ್ಲ, ಮಕ್ಕಳು ಬಳಸುವುದು.

ಹಲವು ದೇಶಗಳಲ್ಲಿ ಸರ್ಕಾರಿ ಶಾಲೆಯ ಸೀಟು ಮನೆಯ ವಿಳಾಸದ ಮೇಲೆ ನಿಂತಿರುತ್ತದೆ. ಗಡಿಗೆರೆ ಬೀದಿಯ ನಡುವೆಯೇ ಹಾದುಹೋಗಿರಬಹುದು. ಈ ಸಾಲಿನ ಮನೆಗೆ ಒಂದು ಶಾಲೆ, ಎದುರು ಸಾಲಿಗೆ ಇನ್ನೊಂದು. ಗಡಿ ಬದಲಾಗುವುದೂ ಉಂಟು. ಗಡಿಯೊಳಗಿದ್ದರೂ ಕ್ಲಾಸು ತುಂಬಿದ್ದರೆ ಪಕ್ಕದ ಶಾಲೆಗೆ ಕಳಿಸುವುದೂ ಉಂಟು. 'ಶಾಲೆಯ ಹತ್ತಿರ' ಅಂತ ಬ್ರೋಕರು ಹೇಳಿದ್ದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ವಿಳಾಸ ಹೇಳಿ ಶಾಲಾ ಇಲಾಖೆಯಿಂದಲೇ ಲಿಖಿತವಾಗಿ ಕೇಳಿ. ಸೀಟು ಗಟ್ಟಿಯಾಗುವ ಮೊದಲು ಮನೆಯ ಕರಾರಿಗೆ ಸಹಿ ಹಾಕದಿದ್ದರೆ ಒಳ್ಳೆಯದು. ಎರಡೂ ಒಟ್ಟಿಗೇ ಆಗಬೇಕಾದರೆ ಬೇಗ ಬಿಡಬಹುದಾದ ಬಾಡಿಗೆ ಮನೆ ಹಿಡಿಯಿರಿ. ಮೊದಲ ವರ್ಷವೇ ಮನೆ ಕೊಳ್ಳುವುದು ನನಗೆ ಯಾಕೋ ಸರಿಬರುವುದಿಲ್ಲ.

ಬಡಾವಣೆ ಅಷ್ಟು ಮುಖ್ಯವಾ ಅಂತ ಕೆಲವರು ಕೇಳುತ್ತಾರೆ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ, ತೀರಾ ಬಡ ಕೇರಿಗಳಲ್ಲಿದ್ದ ಕುಟುಂಬಗಳಿಗೆ ಲಾಟರಿ ಎತ್ತಿ ಬೇರೆ ಕಡೆ ಬಾಡಿಗೆಗೆ ಹೋಗಲು ನೆರವು ಕೊಟ್ಟರು. ಆ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು ಲೆಕ್ಕ ತೆಗೆದರು. 13 ತುಂಬುವ ಮೊದಲೇ ಅಷ್ಟು ಬಡತನವಿಲ್ಲದ ಬಡಾವಣೆಗೆ ಹೋದವರ ಸಂಪಾದನೆ ಮುಂದೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಆಮೇಲೆ ಹೋದವರಿಗೆ ಆ ಲಾಭ ಸಿಗಲಿಲ್ಲ. ಅವರದ್ದು ಕಡುಬಡತನದ ಕಥೆ, ನಮ್ಮ ವರ್ಗಾವಣೆಗೆ ನೇರವಾಗಿ ಹೊಂದಿಸಬಾರದು. ಆದರೂ ದೊಡ್ಡ ಮಕ್ಕಳನ್ನು ಪರೀಕ್ಷೆಯ ವರ್ಷದಲ್ಲಿ ಎತ್ತಿಕೊಂಡು ಬರುವವರಿಗೆ ನಾನು ಇದನ್ನು ಹೇಳುತ್ತೇನೆ. ಸಾಧ್ಯವಾದರೆ ಒಂದು ವರ್ಷ ತಡೆಯಿರಿ ಅನ್ನುತ್ತೇನೆ.

ಮೊನ್ನೆ ಬಂದ ಕುಟುಂಬದ ಮುಂದೆ ಎರಡು ಮನೆ ಇದ್ದವು. ಒಂದಕ್ಕೆ ಭರ್ಜರಿ ಬಾಲ್ಕನಿ. ಇನ್ನೊಂದು ಹಳೆಯದು, ಮೂರನೇ ಮಹಡಿ, ಲಿಫ್ಟಿಲ್ಲ. ಮಗಳಿಗೆ ಒಂಬತ್ತು ವರ್ಷ. ಶಾಲೆ, ಮನೆ ಯಾವುದರ ಬಗ್ಗೆಯೂ ಅವಳು ತುಟಿ ಬಿಚ್ಚಿರಲಿಲ್ಲ. ಕಾರಿನಲ್ಲಿ ಒಂದೇ ಒಂದು ಮಾತು ಕೇಳಿದಳು. "ಆಂಟಿ, ಊಟದ ಹೊತ್ತಲ್ಲಿ ನಾನು ಯಾರ ಪಕ್ಕ ಕೂತ್ಕೊಳ್ಳಲಿ?"

ಮಂಗಳವಾರ ಬೆಳಗ್ಗೆ ಎಂಟು ಗಂಟೆಗೆ ಹಳೆಯ ಮನೆಯ ಕೆಳಗೆ ನಿಂತಿದ್ದೆವು. ತಿರುವಿನಲ್ಲಿ ನಾಲ್ಕು ಮಕ್ಕಳು ಯೂನಿಫಾರ್ಮಿನಲ್ಲಿ ಕಾಯುತ್ತಿದ್ದರು. ಎರಡು ಜಡೆಯವಳೊಬ್ಬಳು ಇವಳನ್ನು ಮೇಲಿಂದ ಕೆಳಗೆ ನೋಡಿ, "ಹೊಸಬಳಾ? ಯಾವ ಕ್ಲಾಸು?" ಅಂದಳು. "ನಾಲ್ಕು." "ನಾನೂ ನಾಲ್ಕೇ. ಟೀಚರ್ ಜೋರು, ಹೋಂವರ್ಕ್ ತಪ್ಪಿಸಬೇಡ."

ಅವರು ಆ ಮನೆಯನ್ನೇ ಹಿಡಿದರು. ಅಪ್ಪನಿಗೆ ಬಾಲ್ಕನಿಯ ಕೊರಗು ಇನ್ನೂ ಹೋಗಿಲ್ಲ.